ಮೂರನೇ ಮಾಳಿಗೆಗೆ ಕಟ್ಟಿದ ಮಡಲ ತಟ್ಟಿ

ಬೀಗಿತ್ತಿ ನಮ್ಮ ಒಳಕೋಣೆಯ ಗೋಡೆಗೆ ಕೈ ಇಟ್ಟ ಆ ಏಪ್ರಿಲ್ ಮಧ್ಯಾಹ್ನದಿಂದ ನನ್ನ ನೆಮ್ಮದಿ ಹಾಳಾಯಿತು. ಅವರು ಬಂದದ್ದು ಒಳ್ಳೆಯ ಕೆಲಸಕ್ಕೇ, ನನ್ನ ಮಗಳ ಬಯಕೆ ಶಾಸ್ತ್ರಕ್ಕೆ ನಮ್ಮನ್ನು ಕರೆಯಲಿಕ್ಕೆ. ಖಾರ್ಘರ್‌ನಿಂದ ಡೊಂಬಿವಲಿಯವರೆಗೆ ಉರಿಬಿಸಿಲಲ್ಲಿ ಬಂದಿದ್ದರು. ಪುನರ್ಪುಳಿ ಶರಬತ್ತು ಕುಡಿದು, ಕುಂಕುಮ ಕೊಟ್ಟು, ಕ್ರಮವಾಗಿ ಕರೆದು ಮುಗಿಸಿ, ಹೊರಡುವ ಮುಂಚೆ ಬಾಣಂತಿಗೆ ಯಾವ ಕೋಣೆ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ತೋರಿಸಿದೆ. ಅವರು ಕಿಟಕಿಯ ಪಕ್ಕದ ಗೋಡೆಯನ್ನು ಅಂಗೈಯಲ್ಲಿ ಸವರಿದರು. ಬಿಳಿ ಹುಡಿ ಉದುರಿ ಅವರ ಸೆರಗಿನ ಮೇಲೆ ಬಿತ್ತು. ಅದನ್ನು ಕೊಡವಿಕೊಂಡು ಮೆತ್ತಗೆ, "ಆಷಾಢದ ಮಳೆಗೆ ಈ ಗೋಡೆ ಹೇಗಿರ್ತದೆ?" ಎಂದರು. ಡಾಕ್ಟರು ಹೆರಿಗೆಗೆ ಹೇಳಿದ್ದದ್ದು ಜುಲೈ.

ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮದು ಡೊಂಬಿವಲಿ ಪೂರ್ವದ ಹಳೆಯ ಕಟ್ಟಡ. ನಾವಿರುವುದು ಟೆರೇಸಿನ ಕೆಳಗಿನ ಮೂರನೇ ಮಾಳಿಗೆಯಲ್ಲಿ, ಪಶ್ಚಿಮದ ತುದಿಯ ಮನೆ. ಖಾಡಿಯ, ಅಂದರೆ ಕಡಲ ಹಿನ್ನೀರಿನ ಕಡೆಯಿಂದ ಬರುವ ಗಾಳಿಮಳೆಯ ಮೊದಲ ಪೆಟ್ಟು ಬೀಳುವುದು ನಮ್ಮ ಆ ಗೋಡೆಗೇ. ಹೊರಗಡೆ ಪ್ಲಾಸ್ಟರ್ ಸೀಳಿ, ಸೀಳಿನಲ್ಲಿ ಒಂದು ಅಶ್ವತ್ಥದ ಗಿಡ ಆರಾಮಾಗಿ ಸಂಸಾರ ಹೂಡಿದೆ. ಜೂನ್ ಮುಗಿಯುವಾಗ ಗೋಡೆ ಒಳಗಿಂದ ಬೆವರಲು ಸುರು ಮಾಡಿದರೆ ಗಣಪತಿ ಹಬ್ಬದವರೆಗೂ ಆರುವುದಿಲ್ಲ. ಬೀರುವಿನ ಹಿಂದೆ ಬೂಷ್ಟು, ಹಾಸಿಗೆಯಲ್ಲಿ ತಂಡಿ, ಹಗ್ಗದ ಮೇಲಿನ ಬಟ್ಟೆಗೆ ನಾಯಿ ನೆನೆದ ವಾಸನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಾವು ಮದುವೆ ಮಾಡಿ ನೋಡಿದ್ದೆವು. ಮನೆ ಕಟ್ಟಿದ್ದನ್ನೇ ಕೊಂಡದ್ದರಿಂದ ಆ ಅರ್ಧ ಗಾದೆಯಿಂದ ನಮಗೆ ಮಾಫಿ ಸಿಕ್ಕಿದೆ ಎಂದುಕೊಂಡಿದ್ದೆ.

ಬೀಗಿತ್ತಿ ಕೆಟ್ಟವರಲ್ಲ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅವರು ಹೇಳಿದ್ದು ಇಷ್ಟೇ: ನಿಮಗೆ ಕಷ್ಟವಾದರೆ ನಮ್ಮಲ್ಲೇ ಮಾಡೋಣ, ನಮ್ಮ ಟವರಿನಲ್ಲಿ ಎಲ್ಲರೂ ಮಾಲೀಶ್ ಮಾಡುವವಳನ್ನು ಇಟ್ಟುಕೊಳ್ಳುತ್ತಾರೆ, ಎಣ್ಣೆ ಹಚ್ಚಿ ಮೀಯಿಸಿ ಹೋಗುತ್ತಾಳೆ. ಸಹಾಯದ ಮಾತೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಚೊಚ್ಚಲ ಬಾಣಂತನ ತಾಯಿಯದ್ದು. ನನ್ನನ್ನು ನನ್ನ ಅಮ್ಮ ಉಡುಪಿಯಲ್ಲಿ ಬಚ್ಚಲ ಒಲೆಯ ಮುಂದೆ ಕೂರಿಸಿ, ಚರ್ಮ ಕೆಂಪಾಗುವಷ್ಟು ಬಿಸಿನೀರು ಹೊಯ್ದು, ಮೆಣಸಿನ ಕಷಾಯ ಕುಡಿಸಿ, ನಲವತ್ತು ದಿನ ನೆಲಕ್ಕೆ ಕಾಲು ಸೋಕದಂತೆ ನೋಡಿಕೊಂಡಿದ್ದಳು. ಆಮೇಲೆ ಈ ಊರಿಗೆ ಬಂದು ಟ್ರೇನು, ನೀರಿನ ಪಾಳಿ, ಮಗಳ ಸ್ಕೂಲು ಅಂತ ಓಡಿದ್ದೇ ಓಡಿದ್ದು. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದ್ದು ನೆನಪಿಲ್ಲ. ಅವಳು ಈಗ ನೆರೂಳ್‌ನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಹಿಂದಿಯಲ್ಲಿ. ಅವಳು ಪುನಃ ನನ್ನ ಕೈಗೆ ಸಿಗುವುದು ಇದೊಂದೇ ಸಲ ಎಂದು ನನಗೆ ಗೊತ್ತಿತ್ತು. ಬಿಟ್ಟುಕೊಡುವ ಮನಸ್ಸು ಖಂಡಿತ ಇರಲಿಲ್ಲ.

ಮರುದಿನವೇ ಸೊಸೈಟಿಯ ಸೆಕ್ರೆಟರಿಯ ಮನೆಗೆ ಹೋದೆ. ರೈಲ್ವೆಯಿಂದ ನಿವೃತ್ತರಾದ ಮರಾಠಿ ಮನುಷ್ಯ, ಸಮಾಧಾನಕ್ಕೆ ಹೆಸರಾದವರು. ಹೊರಗಿನ ಗೋಡೆ ಸೊಸೈಟಿಯದ್ದು, ಸೊಸೈಟಿಯೇ ಪ್ಲಾಸ್ಟರ್ ಮಾಡಿಸಬೇಕು ಎಂದು ವಾದಿಸಿದೆ. ಅವರು ಚಹಾ ಕೊಟ್ಟು, "ಆತಾ ರೀಡೆವಲಪ್‌ಮೆಂಟ್ ಹೋಣಾರ್ ಆಹೆ, ಖರ್ಚ್ ಕಶಾಲಾ?" ಎಂದರು. ಕಟ್ಟಡ ಕೆಡವಿ ಟವರ್ ಕಟ್ಟುತ್ತಾರಂತೆ, ಕೆಡವುವ ಗೋಡೆಗೆ ಬಣ್ಣ ಯಾಕೆ. ಈ ಮಾತನ್ನು ನಾನು ಮಗಳು ಕಾಲೇಜಿಗೆ ಹೋಗುವ ಕಾಲದಿಂದ ಕೇಳುತ್ತಿದ್ದೇನೆ. ನಮ್ಮ ಬೀದಿಯ ಎಲ್ಲ ಕಟ್ಟಡಗಳೂ ನಾಳೆ ಸಾಯುವ ಮುದುಕರೆಂದು ಯಾರೂ ಮದ್ದು ಕೊಡದೆ ಬಿಟ್ಟಂಥವು. ಅವು ಸಾಯಲೂ ಇಲ್ಲ. ಬೇಕಾದರೆ ನಿಮ್ಮ ಪಾಲಿನ ಗೋಡೆ ನೀವೇ ಮಾಡಿಸಿಕೊಳ್ಳಿ, ನಮ್ಮದೇನೂ ಅಡ್ಡಿಯಿಲ್ಲ ಎಂದು ಅವರು ನನ್ನನ್ನು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಆಮೇಲೆ ಬದಲಾಪುರದಿಂದ ಒಬ್ಬ ಕಾಂಟ್ರಾಕ್ಟರ್ ಬಂದ. ಬಂದವನೇ ಗೋಡೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಟೊಳ್ಳು ಶಬ್ದ ಬಂದ ಕಡೆಯೆಲ್ಲ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದ. ಉಳ್ವೆಯ ಕಡೆ ತಾನು ಹೊರಬಣ್ಣ ಮಾಡಿಸಿದ ಟವರುಗಳ ಫೋಟೋ ಫೋನಿನಲ್ಲಿ ತೋರಿಸಿದ. ಹಳೆ ಪ್ಲಾಸ್ಟರ್ ಕಿತ್ತು, ಹೊಸತು ಹಾಕಿ, ಅದು ಚೆನ್ನಾಗಿ ಒಣಗಿದ ಮೇಲೆ ಕೆಮಿಕಲ್ ಹೊಡೆಯಬೇಕು, ಒದ್ದೆ ಗೋಡೆಗೆ ಹೊಡೆದರೆ ನೀರು ಒಳಗೇ ಸಿಕ್ಕಿಬೀಳುತ್ತದೆ, ಹಾಗಾಗಿ ಮೇ ತಿಂಗಳಲ್ಲೇ ಮುಗಿಸಬೇಕು ಅಂದ. ಸೋಮವಾರ ಬರುತ್ತೇನೆ ಅಂದ. ಯಾವ ಸೋಮವಾರ ಎಂದು ಕೇಳದೇ ಹೋದದ್ದು ನನ್ನ ದಡ್ಡತನ.

ಆ ತಿಂಗಳು ನಾನು ಮನುಷ್ಯರ ಮುಖ ನೋಡಿದ್ದು ಕಡಿಮೆ, ಗೋಡೆ ನೋಡಿದ್ದೇ ಹೆಚ್ಚು. ಮಗಳನ್ನು ನೋಡಲು ಠಾಣೆಯಲ್ಲಿ ಟ್ರೇನ್ ಬದಲಿಸಿ ಹೋಗುವಾಗ, ಮುಂಬ್ರಾ, ಕಳವಾ, ರಬಾಳೆ ಎಲ್ಲ ಕಡೆಯೂ ಕಟ್ಟಡಗಳ ಬೆನ್ನನ್ನೇ ನೋಡುತ್ತಿದ್ದೆ. ಯಾವುದಕ್ಕೆ ಪೈಪಿನ ಗುಂಟ ಕಪ್ಪು ಇಳಿದಿದೆ, ಯಾವುದಕ್ಕೆ ಕಿಟಕಿಯ ಮೇಲೆ ತಗಡಿನ ಪತ್ರಾ ಹಾಕಿದ್ದಾರೆ, ಯಾವುದರ ಗಚ್ಚು ಬಿದ್ದು ಕಬ್ಬಿಣ ಕಾಣುತ್ತಿದೆ. ಕಲ್ಯಾಣದ ಕಡೆ ಹೋದರೂ ಅದೇ. ಕಿಟಕಿ ಸೀಟು ಸಿಗದಿದ್ದರೆ ಬಾಗಿಲ ಹತ್ತಿರ ನಿಂತು ಕತ್ತು ಚಾಚುತ್ತಿದ್ದೆ, ಒಂದು ಸಲ ಒಬ್ಬಾಕೆ ನನ್ನನ್ನು ಒಳಗೆಳೆದು, ಆಂಟಿ ಜೀವ ಬೇಡವಾ ಎಂದು ಗದರಿದಳು. ಮನೆಗೆ ಬಂದರೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಬೀರು ಎಳೆದು ನೋಡು, ಮಂಚ ಸರಿಸಿ ನೋಡು, ಫೋನಿನಲ್ಲಿ ಮಳೆಯ ಸುದ್ದಿ ನೋಡು.

ಮೇ ಮೊದಲಲ್ಲಿ ಬಯಕೆ ಶಾಸ್ತ್ರ ಚೆನ್ನಾಗಿಯೇ ಆಯಿತು. ಕ್ರಮದ ಪ್ರಕಾರ ಅವತ್ತೇ ನಾವು ಮಗಳನ್ನು ಕರಕೊಂಡು ಬರಬೇಕಿತ್ತು. ಅವಳಿಗೆ ರಜೆ ಸಿಗುವುದು ಜೂನಿನಲ್ಲಿ, ಆಮೇಲೆ ಬರುತ್ತಾಳೆ ಎಂದು ಎಲ್ಲರೂ ಒಪ್ಪಿದರು. ರಜೆ ಸುರುವಾದ ಮೇಲೆ ನಾನು ಹೂವು ಕುಂಕುಮ ತೆಗೆದುಕೊಂಡು ಹೋಗಿ ಕರೆಯುವುದು, ಅವರು ಕಳಿಸುವುದು. ತವರಿನವರು ಕರೆಯದೆ ಬಸುರಿ ಹೆಣ್ಣು ತಾನಾಗಿ ಎದ್ದು ಬರುವ ಪದ್ಧತಿ ನಮ್ಮಲ್ಲಿಲ್ಲ.

ಕಾಂಟ್ರಾಕ್ಟರ್ ಬರಲಿಲ್ಲ. ಫೋನ್ ಮಾಡಿದರೆ ಪ್ರತಿ ಸಲವೂ ಅವನು ಯಾವುದೋ ಟವರಿನ ಮೇಲಿರುತ್ತಿದ್ದ, ಗಾಳಿಯಲ್ಲಿ ಅವನ ಮಾತು ಅರ್ಧ ಕೇಳುತ್ತಿತ್ತು. ಮೇ ಕೊನೆಯಲ್ಲಿ ಒಂದು ಸಂಜೆ ಮಿಂಚಿ ಗುಡುಗಿ ಅರ್ಧ ಗಂಟೆ ಹೊಡೆದೇ ಬಿಟ್ಟಿತು. ಡೊಂಬಿವಲಿಯೆಲ್ಲ ನೀಲಿ ತಾಡಪತ್ರೆ ಹೊದೆಯಲು ಸುರು ಮಾಡಿತು. ಅವನಿಗೆ ಕೊನೆಯ ಸಲ ಫೋನ್ ಮಾಡಿದಾಗ, ಇನ್ನು ದೀಪಾವಳಿ ಕಳೆದ ಮೇಲೆ ನೋಡುವ ಆಂಟಿ, ಅಂದ. ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ನಾನು ಯಾವಾಗಲೂ ನಗಾಡುತ್ತಿದ್ದವಳು. ಈಗ ತೋಡಲಿಕ್ಕೆ ಬಾವಿಯೂ ಇರಲಿಲ್ಲ.

ಮಗಳ ರಜೆ ಸುರುವಾಯಿತು. ಬೆಳಿಗ್ಗೆಯೇ ಫೋನ್ ಮಾಡಿ, ಬ್ಯಾಗ್ ತುಂಬಿಸ್ಲಾ ಎಂದು ಕೇಳಿದಳು. ಒಂದು ವಾರ ತಡಿ ಅಂದೆ, ಗೋಡೆಗೊಂದು ದಾರಿ ಮಾಡುತ್ತೇನೆ. ಸರಿ ಅಂದಳು. ಅವಳ ಅತ್ತೆಯ ಮುಂದೆ ನನ್ನ ಕೋಣೆ ಒಣಗಿ ನಿಲ್ಲಬೇಕು, ಆಮೇಲೆಯೇ ಕರೆಯುವುದು ಎಂದು ನಾನು ಮನಸ್ಸಿನಲ್ಲೇ ಹಟ ಹಿಡಿದಿದ್ದೆ.

ಆಗ ನನ್ನ ಗಂಡನಿಗೆ ಉಪಾಯ ಹೊಳೆಯಿತು. ಅವರು ವಿಠ್ಠಲವಾಡಿ ಸ್ಟೇಷನ್ ಹತ್ತಿರದ ನಮ್ಮೂರಿನವರ ವೆಜ್ ಹೋಟೆಲಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಇಡ್ಲಿ ಹಬೆಯಾಡುವ ಹೊತ್ತಿಗೆ ಹೋದರೆ ಸಂಜೆ ಬಂದು ಟಿವಿ ಮುಂದೆ ಕೂತು ತೂಕಡಿಸುವ ಜೀವ. ಮನೆಯ ಒಂದು ಮೊಳೆ ಹೊಡೆದದ್ದಿಲ್ಲ. ಅವತ್ತು ಊಟದ ನಡುವೆ, ಅನ್ನದ ಮೇಲೆ ಕೈ ಇಟ್ಟುಕೊಂಡೇ ಹೇಳಿದರು, "ತಟ್ಟಿ ಕಟ್ಟುವ."

ನನಗೆ ನಗು ಬಂತು, ಆದರೆ ನಗುವಾಗಲೇ ಆಸೆಯೂ ಹುಟ್ಟಿತು. ಉಡುಪಿ ಕಡೆ ಮಳೆ ಕಾಲಿಡುವ ಮೊದಲು ಪ್ರತಿ ಮನೆಯ ಪಶ್ಚಿಮಕ್ಕೂ ಮಡಲ ತಟ್ಟಿ ಏಳುತ್ತಿತ್ತು. ತೆಂಗಿನ ಮಡಲು, ಅಂದರೆ ಸೋಗೆಯನ್ನು ನಡುವೆ ಸೀಳಿ, ನೀರಲ್ಲಿ ನೆನೆಸಿ, ಗರಿಗೆ ಗರಿ ಹೆಣೆದು ಮಾಡುವ ಪರದೆ ಅದು. ಎಂಥ ಎರಚಲೂ ಅದನ್ನು ದಾಟಿ ಒಳಗೆ ಬರುತ್ತಿರಲಿಲ್ಲ. ಶಾಲೆಗೆ ರಜೆ ಇರುವಾಗ ನಾವು ಹುಡುಗಿಯರು ಅಂಗಳದಲ್ಲಿ ಕೂತು ಪಂತ ಕಟ್ಟಿ ಹೆಣೆಯುತ್ತಿದ್ದೆವು. ತಾಡಪತ್ರೆ ಕಟ್ಟಿದರಾಗದಾ ಎಂದು ನಾನು ಕೇಳಿದೆ. ಹೋದ ವರ್ಷ ಪಕ್ಕದ ಕಟ್ಟಡದ ತಾಡಪತ್ರೆ ಗಾಳಿಗೆ ಹಾರಿ ನಮ್ಮ ನೀರಿನ ಟ್ಯಾಂಕಿಗೆ ಸುತ್ತಿಕೊಂಡದ್ದನ್ನು ಅವರು ನೆನಪಿಸಿದರು. ಮತ್ತೆ, "ಮಳೆ ನಮಗೆ ಗೊತ್ತಿಲ್ಲವಾ? ಮಳೆ ಅಂದರೆ ಏನಂತ ಇವರಿಗೆ ಗೊತ್ತಿಲ್ಲ," ಅಂದರು. ಹುಟ್ಟಿದ ಊರಿನ ಮಳೆಯ ವಿಷಯ ಬಂದರೆ ನಮ್ಮವರಿಗೆ ಇರುವ ಅಹಂಕಾರ ಚಿನ್ನದ ವಿಷಯದಲ್ಲೂ ಇಲ್ಲ.

ತುರ್ಭೆಯ ಗೋದಾಮೊಂದರಲ್ಲಿ ಲೋಡಿಂಗ್ ಕೆಲಸ ಮಾಡುವ, ಹೋಟೆಲಿಗೆ ಊಟಕ್ಕೆ ಬಂದು ಪರಿಚಯವಾದ ನಮ್ಮ ಕಡೆಯವರೊಬ್ಬರು ಅಲ್ಲೆಲ್ಲೋ ಹಳೇ ಕಂಪೌಂಡಿನ ತೆಂಗಿನ ಮರಗಳನ್ನು ಗೊತ್ತುಮಾಡಿ ಮಡಲು ಇಳಿಸಿಕೊಟ್ಟರು. ಟೆಂಪೋ ನಮ್ಮ ಗೇಟಿನ ಮುಂದೆ ನಿಂತಾಗ ಮದುವೆ ಚಪ್ಪರಕ್ಕೆ ಬಂದ ಹಾಗಿತ್ತು. ಎಲ್ಲವನ್ನೂ ಟೆರೇಸಿಗೆ ಹೊತ್ತು, ಡ್ರಮ್ಮಿನಲ್ಲಿ ನೆನೆಸಿ, ನಾನು ಕೂತು ಹೆಣೆದೆ. ಮೊದಲಿನ ಎರಡು ಹಾಳಾದವು. ಮೂರನೆಯದರಿಂದ ಬೆರಳಿಗೇ ಎಲ್ಲ ನೆನಪಾಯಿತು. ಕಟ್ಟಡದ ಹೆಂಗಸರು ಹಪ್ಪಳ ಒಣಗಿಸುವ ನೆಪದಲ್ಲಿ ಬಂದು ನೋಡಿದರು, ಎದುರು ಮನೆಯವಳು ವಿಡಿಯೋ ಮಾಡಿ ಗ್ರೂಪಿಗೆ ಹಾಕಿದಳು. ಸೆಕ್ರೆಟರಿ, ಇದೇನು ಈಗಲೇ ಗಣಪತಿ ಡೆಕೊರೇಶನ್ನಾ ಎಂದು ತಮಾಷೆ ಮಾಡಿ ಹೋದರು. ಆ ಎರಡು ದಿನ ನಾನು ಸಂತೋಷದಲ್ಲಿದ್ದೆ, ಸುಳ್ಳು ಹೇಳುವುದಿಲ್ಲ.

ಹಗ್ಗದಲ್ಲಿ ಇಳಿದು ಪೈಪ್ ರಿಪೇರಿ ಮಾಡುವವನನ್ನು ಹಿಡಿದು, ಟೆರೇಸಿನ ಕಟ್ಟೆಯಿಂದ ನಮ್ಮ ಕಿಟಕಿಯ ಕೆಳಗಿನವರೆಗೆ ತಟ್ಟಿ ಕಟ್ಟಿಸಿದೆವು. ಗಾಳಿಗೆ ಬಡಿಯಬಾರದೆಂದು ನನ್ನ ಗಂಡ ಕೆಳಗೆ ರಸ್ತೆಯಲ್ಲಿ ನಿಂತು, ಇನ್ನೂ ಬಿಗಿ, ಇನ್ನೂ ಬಿಗಿ ಎಂದು ಕೂಗಿ ಕೂಗಿ ಗೋಡೆಗೆ ಒತ್ತಿ ಕಟ್ಟಿಸಿದರು. ಹಾದು ಹೋಗುವ ರಿಕ್ಷಾದವರೆಲ್ಲ ತಲೆ ಹೊರಹಾಕಿ ನೋಡುವವರೇ.

ಮುಂಗಾರಿನ ಮೊದಲ ಜೋರು ಮಳೆ ಬಂದದ್ದು ಒಂದು ಮಧ್ಯಾಹ್ನ. ನಾನು ಕೋಣೆಯ ಮಂಚದ ಮೇಲೆ ಕೂತೆ. ಯಾವಾಗಲೂ ಗೋಡೆಗೆ ಚಟಚಟ ಬಡಿಯುವ ಮಳೆ ಮೆತ್ತಗೆ ಗರಿಯ ಮೇಲೆ ಸುರಿಯಿತು. ಗೋಡೆ ಸಂಜೆಯವರೆಗೂ ಬೆಚ್ಚಗೆ ಒಣಗಿಯೇ ಇತ್ತು. ಗಂಡ ಹೋಟೆಲಿನಿಂದ ಬಂದು ಕೊಡೆ ಮಡಿಸುವ ಮೊದಲು ಗೋಡೆ ನೋಡಿದರು, ನನ್ನ ಕಡೆ ನೋಡಿದರು, ಹೋಗಿ ಕಾಲು ತೊಳೆದರು. ಅವರಿಗೆ ಅಷ್ಟು ಖುಷಿಯಾದದ್ದನ್ನು ನಾನು ಮಗಳ ಮದುವೆಯಲ್ಲೂ ನೋಡಿರಲಿಲ್ಲ. ಮಗಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವಳು ನಕ್ಕು ನಕ್ಕು, ಹೊಟ್ಟೆ ಹಿಡಿದುಕೊಂಡು, ನಮ್ಮನೆ ಈಗ ರೆಸಾರ್ಟ್ ಅಂದಳು. ಆಮೇಲೆ, "ತೋ ಅಬ್ ಆವೂಂ?" ಎಂದು ಕೇಳಿದಳು. ಈಗ ಬರಲಾ, ಎಂದು. ಒಂದು ನಾಲ್ಕು ದಿನದ ಜಡಿಮಳೆ ನೋಡಿಬಿಡೋಣ, ಆಮೇಲೆ ನಾನೇ ಬಂದು ಕರೆಯುತ್ತೇನೆ ಅಂದೆ. ಪರೀಕ್ಷೆ ಪಾಸಾಗದೆ ಮೆರವಣಿಗೆ ಬೇಡ ಅನ್ನುವ ಬುದ್ಧಿ ನನ್ನದು.

ಜಡಿಮಳೆ ಬಂತು. ಬಂದದ್ದು ಹೋಗಲೇ ಇಲ್ಲ. ಟ್ರೇನುಗಳು ತಡವಾದವು, ಕಲ್ಯಾಣದ ಕೆಳಗಿನ ರಸ್ತೆಗಳಲ್ಲಿ ಮೊಣಕಾಲು ನೀರು ನಿಂತಿತು, ಗಂಡ ಎರಡು ದಿನ ಹೋಟೆಲಿನಲ್ಲೇ ಉಳಿದರು. ಮೂರನೇ ದಿನ ಕೋಣೆಯ ಬಾಗಿಲು ತೆಗೆದರೆ ಕೊಳೆತ ಎಲೆಯ ವಾಸನೆ. ಕಿಟಕಿಯ ಸಂದಿಯಿಂದ ಚೋರಟೆಗಳು, ಆ ಸಾವಿರ ಕಾಲಿನ ಹುಳಗಳು, ಸಾಲು ಹಿಡಿದು ಒಳಗೆ ಬರುತ್ತಿದ್ದವು. ಗೋಡೆಯಲ್ಲಿ ಎಂದೂ ಒದ್ದೆಯಾಗದ ಜಾಗಗಳೂ ಒದ್ದೆಯಾಗಿದ್ದವು. ಬಣ್ಣ ದೋಸೆಯ ಹಾಗೆ ಉಬ್ಬಿ, ಬೆರಳು ತಾಗಿಸಿದಲ್ಲಿ ಒಡೆದು, ಒಳಗಿಂದ ನೀರು ಇಳಿಯಿತು. ನಾನು ಪೊರಕೆ ಹಿಡಿದು ಚೋರಟೆ ಗುಡಿಸಿದೆ, ಬಟ್ಟೆ ಹಿಡಿದು ನೀರು ಒರೆಸಿದೆ, ಪುನಃ ಚೋರಟೆ, ಪುನಃ ನೀರು. ಮಧ್ಯದಲ್ಲಿ ಅನ್ನ ತಳ ಹಿಡಿಯಿತು.

ತಪ್ಪು ಎಲ್ಲಿ ಎಂದು ಅರ್ಥವಾದದ್ದು ಆ ತಳ ಹಿಡಿದ ಪಾತ್ರೆ ತಿಕ್ಕುವಾಗ. ಊರಿನ ತಟ್ಟಿ ಗೋಡೆಗೆ ಕಟ್ಟುವುದಲ್ಲ. ಅದು ಜಗಲಿಯ ಹೊರಅಂಚಿಗೆ, ಇಳಿದ ಮಾಡಿನ, ಅಂದರೆ ಸೂರಿನ ಕೆಳಗೆ. ತಟ್ಟಿಗೂ ಗೋಡೆಗೂ ನಡುವೆ ಒಂದು ಜಗಲಿಯಷ್ಟು ಗಾಳಿ. ಮೇಲಿನ ನೀರು ಮಾಡಿನಿಂದ ದೂರ ಹೋಗಿ ಬೀಳುತ್ತದೆ, ತಟ್ಟಿ ನೆನೆಯುತ್ತದೆ, ಗೋಡೆ ಉಸಿರಾಡುತ್ತದೆ. ಇಲ್ಲಿ ಮಾಡೂ ಇಲ್ಲ, ಜಗಲಿಯೂ ಇಲ್ಲ. ಬೋಳು ಗೋಡೆಗೆ ಬಿಗಿದು ಕಟ್ಟಿದ ತಟ್ಟಿ ಟೆರೇಸಿನಿಂದ ಇಳಿದ ನೀರನ್ನೆಲ್ಲ ಕುಡಿದು, ಜ್ವರದವನ ಹಣೆಗೆ ಹಾಕಿದ ಒದ್ದೆಬಟ್ಟೆಯಂತೆ ಗೋಡೆಗೆ ಅಂಟಿ ಕೂತಿತ್ತು. ಮೊದಲಾದರೆ ಮಳೆ ಬಿಟ್ಟ ನಾಲ್ಕು ಗಂಟೆ ಗಾಳಿಗೆ ತುಸುವಾದರೂ ಆರುತ್ತಿತ್ತು, ಈಗ ಅದೂ ಇಲ್ಲ. ಮಡಲನ್ನು ತಂದೆವು, ಹೆಣೆಯುವುದನ್ನು ತಂದೆವು, ಮನೆಯನ್ನು ತರಲಿಕ್ಕಾಗುವುದಿಲ್ಲ ಎಂಬುದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ. ಮಳೆ ನಮಗೆ ಗೊತ್ತು ಅಂದವರು ನಾವೇ.

ಮಳೆ ತುಸು ಬಿಟ್ಟ ದಿನ ತಟ್ಟಿ ಕೆಳಗಿಳಿಸಿದೆವು. ನೀರು ಕುಡಿದು ಭಾರವಾಗಿದ್ದ ಅದು ಅಂಗಳಕ್ಕೆ ಬಿದ್ದ ಸದ್ದಿಗೆ ಎಲ್ಲ ಕಿಟಕಿಗಳಲ್ಲೂ ತಲೆಗಳು ಮೂಡಿದವು. ಗೋಡೆ ಕಪ್ಪು ಹಸಿರಾಗಿತ್ತು. ನನ್ನ ಗಂಡ ಅದನ್ನು ಬಹಳ ಹೊತ್ತು ನೋಡಲಿಲ್ಲ. ಕೊಳೆತ ಮಡಲುಗಳನ್ನು ತಾವೇ ಎಳೆದು ಗೇಟಿನ ಮೂಲೆಗೆ ರಾಶಿ ಹಾಕಿದರು, ಯಾರ ಸಹಾಯವೂ ಬೇಡ ಅಂದರು. ನನಗೆ ಬೈಯುವ ಆಸೆ ಬಾಯಿಯವರೆಗೆ ಬಂದಿತ್ತು. ಅವರ ಬನಿಯನ್ ಬೆನ್ನಿಗೆ ಅಂಟಿಕೊಂಡದ್ದು ಕಂಡು ನುಂಗಿಕೊಂಡೆ. ಕಟ್ಟಡದ ಹೆಂಗಸರು ಮಾತ್ರ ವಾರಗಟ್ಟಲೆ ಗ್ರೂಪಿನಲ್ಲಿ ಬಿಡಲಿಲ್ಲ, ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ ಅನ್ನುವ ಹಾಗೆ.

ಮಗಳು ಆ ಸಂಜೆ ಫೋನ್ ಮಾಡಿದಳು. ನಾನು ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ, ಚೋರಟೆ ಸಮೇತ. ಕೋಣೆಯ ಒಳಗೆ ಈಗ ಫ್ಯಾನ್ ಹಾಕಿ ಇಟ್ಟಿದ್ದೇನೆ, ಹೀಟರ್ ತರಿಸುತ್ತೇನೆ, ಸದ್ಯಕ್ಕೆ ಮಾತ್ರ ಬರಬೇಡ, ಈ ತಂಡಿಯಲ್ಲಿ ಆಗುವುದಿಲ್ಲ ಅಂದೆ. ಅವಳು ನಗಲಿಲ್ಲ. ಠೀಕ್ ಹೈ ಅಂದಳು. ಆಮೇಲಿನ ದಿನಗಳಲ್ಲಿ ಬರುವ ವಿಷಯ ಅವಳು ಎತ್ತಲಿಲ್ಲ. ನಾನು ಮಾತ್ರ ಪ್ರತಿದಿನವೂ ಗೋಡೆಯ ವರದಿ ಕೊಡುತ್ತಿದ್ದೆ, ಇವತ್ತು ಇಷ್ಟು ಆರಿದೆ, ಇವತ್ತು ಪುನಃ ಇಷ್ಟು ಇಳಿದಿದೆ ಎಂದು.

ನೋವು ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ಬಂತು. ಅಳಿಯನ ಫೋನ್ ಬಂದಾಗ ನಾನು ಗೋಡೆಗೆ ಮೇಜಿನ ಫ್ಯಾನ್ ತಿರುಗಿಸಿ ಇಡುತ್ತಿದ್ದೆ. ಇದ್ದ ಸೀರೆಯಲ್ಲೇ ಓಡಿದೆ. ದಿವಾದಲ್ಲಿ ಟ್ರೇನು ನಿಂತಿತು, ಯಾಕೆಂದು ಯಾರಿಗೂ ಗೊತ್ತಿಲ್ಲ. ನಿಂತ ಟ್ರೇನಿನಲ್ಲಿ ನಿಲ್ಲುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಇಲ್ಲ. ಬಾಗಿಲಿಗೂ ಸೀಟಿಗೂ ಓಡಾಡಿದೆ, ದೇವರಿಗೆ ಬೈದೆ, ಮಳೆಗೆ ಬೈದೆ, ಆ ಕಾಂಟ್ರಾಕ್ಟರನಿಗೂ ಬೈದೆ. ಠಾಣೆಯಿಂದ ಪನ್ವೇಲ್ ಕಡೆಯ ಟ್ರೇನು ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಮಗು ಹುಟ್ಟಿಯಾಗಿತ್ತು. ಹೆಣ್ಣು.

ಭೇಟಿಯ ಹೊತ್ತು ಮುಗಿದಿತ್ತು, ಮಗಳ ಕೋಣೆಗೆ ಬಿಟ್ಟದ್ದು ಮರುದಿನ ಮಧ್ಯಾಹ್ನ, ನಾನು ಮನೆಗೆ ಹೋಗಿ ಪುನಃ ಮಳೆಯಲ್ಲೇ ಬಂದಾಗ. ಅವಳು ಒರಗಿ ಕೂತಿದ್ದಳು, ಮುಖ ಬಿಳಿಚಿತ್ತು, ಪಕ್ಕದಲ್ಲಿ ಮಗು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಬೀಗಿತ್ತಿ ಹಣ್ಣು ಬಿಡಿಸುತ್ತಿದ್ದರು. ನನ್ನನ್ನು ಕಂಡು ಕುರ್ಚಿ ಬಿಟ್ಟುಕೊಟ್ಟು, ಮಾಲೀಶ್ ಮಾಡುವವಳನ್ನು ಗೊತ್ತುಮಾಡಿದ್ದೇವೆ, ನಾಡಿದ್ದಿನಿಂದ ಬರುತ್ತಾಳೆ, ನೀವು ಏನೂ ಯೋಚನೆ ಮಾಡಬೇಡಿ ಅಂದರು. ನಾನು ಗೋಡೆಯ ಮಾತಿಗೇ ಇಳಿದೆ. ಹೀಟರ್ ಬಂದಿದೆ, ಮಂಚದ ಪಕ್ಕದ್ದು ಅರ್ಧ ಆರಿದೆ, ಇನ್ನೊಂದು ಹತ್ತು ದಿನ ಬಿಸಿಲು ಬಿದ್ದರೆ ಎಂದು ಹೇಳುತ್ತಾ ಹೋದೆ.

"ಅಮ್ಮಾ, ಬಸ್," ಅಂದಳು ಮಗಳು. ಸ್ವರ ಜೋರಿರಲಿಲ್ಲ. "ಪೂರಾ ಜೂನ್ ನಂಗೆ ಗೋಡೆ ಕಥೆ ಹೇಳಿದಿ. ಏಕ್ ಬಾರ್ ಭೀ ಬಾ ಅಂತ ಹೇಳ್ಲಿಲ್ಲ. ನಿಂಗೆ ಬಾಣಂತನ ಆಗಲ್ಲ, ಲೇಕಿನ್ ಹೇಳೋಕೆ ಬಾಯಿ ಬರ್ತಿಲ್ಲ ಅಂತ ಅಂದ್ಕೊಂಡೆ. ಅತ್ತೆಗೆ ನಾನೇ ಹೇಳಿದ್ದು, ಮಾಲೀಶ್‌ವಾಲೀನ ಇಟ್ಕೊಳ್ಳಿ ಅಂತ."

ಬೀಗಿತ್ತಿ ಹಣ್ಣಿನ ತಟ್ಟೆ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದರು. ಅವರು ಗೆದ್ದ ಹಾಗೆ ಕಾಣಲಿಲ್ಲ, ಮಗಳು ಹಾಗೆ ಹೇಳಿದ್ದರ ಕಾರಣ ಅವರಿಗೂ ಹೊಸ ಸುದ್ದಿ ಎಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಹೇಳಲಾರೆ. ನಿನಗೋಸ್ಕರ ಅಲ್ಲವಾ ಇದೆಲ್ಲ ಮಾಡಿದ್ದು, ಕೈ ಕೊಯ್ದುಕೊಂಡು ಮಡಲು ಹೆಣೆದದ್ದು ಯಾರಿಗೆ ಎಂದು ಕೂಗಬೇಕೆನಿಸಿತು. ಕೂಗಲು ಬಾಯಿ ತೆರೆದಾಗ ಅವಳ ಮುಖ ಕಂಡಿತು. ಜ್ವರ ಬಂದು ಶಾಲೆಗೆ ಹೋಗದ ದಿನ, ನಾನು ಟ್ರೇನಿಗೆ ಹೊರಟಾಗ ಬಾಗಿಲಲ್ಲಿ ನಿಲ್ಲುತ್ತಿದ್ದ ಮುಖ. ಅವತ್ತೂ ಅವಳು ಇರು ಅಂದದ್ದಿಲ್ಲ.

ಕರೆಯುವ ಕ್ರಮಕ್ಕೆ ಹೂವು ಬೇಕು, ಕುಂಕುಮ ಬೇಕು, ಒಳ್ಳೆ ದಿನ ಬೇಕು. ನನ್ನ ಕೈಯಲ್ಲಿದ್ದದ್ದು ನೀರು ತೊಟ್ಟಿಕ್ಕುವ ಒಂದು ಕೊಡೆ.

"ಗೋಡೆ ಇನ್ನೂ ಹಸಿಯೇ ಉಂಟು," ಅಂದೆ. "ಈ ಮಳೆಗಾಲಕ್ಕೆ ಅದು ಒಣಗುವುದಿಲ್ಲ. ಹೊರಗೆ ಹಾಲಿನಲ್ಲಿ ಹಾಸ್ತೇನೆ, ನನ್ನ ಹತ್ರ. ಮನೆಗೆ ಬಾ."

ಅವಳು ಪಕ್ಕದಲ್ಲಿದ್ದ ಮಗುವನ್ನು ನಿಧಾನಕ್ಕೆ ಎತ್ತಿ, ಹೊಲಿಗೆಯ ನೋವಿಗೆ ಮುಖ ಕಿವಿಚಿಕೊಂಡು, ನನ್ನ ಕಡೆ ಚಾಚಿದಳು. ಬಂದು ಇಷ್ಟು ಹೊತ್ತಾದರೂ ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಕೊಡೆಯನ್ನು ನೆಲಕ್ಕೆ ಹಾಕಿ, ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡೆ.